ಕೆಂಪು ಬಟ್ಟೆ, ಬಿಳಿ ವೃತ್ತ, ಕಪ್ಪು ಕುಡುಗೋಲು

ಮೊದಲು ಒಂದು ಬಾವುಟ ನೋಡೋಣ. ಕೆಂಪು ಬಟ್ಟೆ, ನಡುವೆ ಬಿಳಿಯ ವೃತ್ತ. ಇಷ್ಟು ಕಂಡರೆ ಸಾಕು, ಒಳಗೆ ನಾಜಿಗಳ ಸ್ವಸ್ತಿಕ ಇದ್ದೇ ಇರುತ್ತದೆ ಎಂದು ಕಣ್ಣು ತೀರ್ಮಾನ ಮಾಡಿಬಿಡುತ್ತದೆ. ಹತ್ತಿರ ಹೋದರೆ ಅಲ್ಲಿರುವುದು ಕಮ್ಯುನಿಸ್ಟರ ಸುತ್ತಿಗೆ ಕುಡುಗೋಲು, ಅದೂ ಕಪ್ಪು ಬಣ್ಣದಲ್ಲಿ. 1990ರ ದಶಕದಲ್ಲಿ ಈ ಬಾವುಟ ಹಿಡಿದು ಮಾಸ್ಕೋದ ಬೀದಿಗಿಳಿದವರು ರಾಷ್ಟ್ರೀಯ ಬೊಲ್ಶೆವಿಕ್ ಪಕ್ಷದವರು. ಲೇಖಕ ಎಡ್ವರ್ಡ್ ಲಿಮೊನೊವ್ 1993ರಲ್ಲಿ ಬಲಪಂಥೀಯ ಚಿಂತಕ ಅಲೆಕ್ಸಾಂಡರ್ ದುಗಿನ್ ಜೊತೆ ಸೇರಿ ಕಟ್ಟಿದ ಪಕ್ಷ ಅದು. ಹಿಟ್ಲರನ ಸೇನೆಯೊಂದಿಗಿನ ಯುದ್ಧದಲ್ಲಿ ಸೋವಿಯತ್ ಒಕ್ಕೂಟ ಕಳೆದುಕೊಂಡದ್ದು ಸುಮಾರು 2.7 ಕೋಟಿ ಜೀವಗಳನ್ನು. ಕೊಂದವರ ಚೌಕಟ್ಟಿನೊಳಗೆ ಸತ್ತವರ ಗುರುತನ್ನು ಕೂರಿಸಿದ ಬಟ್ಟೆ ಅದು.

ಹುಡುಗಾಟ ಎಂದು ಇದನ್ನು ಬದಿಗೆ ಸರಿಸುವ ಹಾಗಿಲ್ಲ. ತೀವ್ರ ಎಡವನ್ನೂ ತೀವ್ರ ಬಲವನ್ನೂ ಒಂದೇ ಪಾತ್ರೆಯಲ್ಲಿ ಕಲಸುವ ಪ್ರಯತ್ನ ಯುರೋಪಿನಲ್ಲಿ ನೂರು ವರ್ಷಗಳಿಂದ ಮತ್ತೆ ಮತ್ತೆ ನಡೆದಿದೆ. ಫ್ರಾನ್ಸ್, ಇಟಲಿ, ಜರ್ಮನಿ, ರಷ್ಯಾ ಎಂದು ಊರು ಬದಲಾಗಿದೆ, ಹೆಸರು ಬದಲಾಗಿದೆ; ಬೆರೆಸುವ ವಿಧಾನ ಮಾತ್ರ ಹೆಚ್ಚು ಬದಲಾಗಿಲ್ಲ. ಇಂಥ ಬೆರಕೆಯನ್ನು ನೋಡುವಾಗ ನಾವು ಸಾಮಾನ್ಯವಾಗಿ ಎರಡು ಬಣ್ಣ ಸಮಸಮವಾಗಿ ಸೇರಿದೆ ಎಂದುಕೊಳ್ಳುತ್ತೇವೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬಿಸಿ ತಾಗಿದಾಗ ಇದರಲ್ಲಿ ಯಾವುದು ಕರಗಿತು, ತಳದಲ್ಲಿ ಯಾವುದು ಉಳಿಯಿತು?

ಬೆರಕೆಯ ಮೊದಲ ಕೆಲಸ ವರ್ಗದ ಜಾಗದಲ್ಲಿ ದೇಶವನ್ನು ತಂದು ಕೂರಿಸುವುದು. ಇಟಲಿಯ ರಾಷ್ಟ್ರೀಯವಾದಿ ಎನ್ರಿಕೊ ಕೊರಾದಿನಿ 1910ರಲ್ಲೇ ಇದನ್ನು ಮಾಡಿ ತೋರಿಸಿದ. ಕಾರ್ಮಿಕರಲ್ಲಿ ಬಡವರು ಇರುವಂತೆ ದೇಶಗಳಲ್ಲೂ ಬಡವರಿದ್ದಾರೆ, ಇಟಲಿ ಒಂದು ‘ಶ್ರಮಿಕ ರಾಷ್ಟ್ರ’, ಬ್ರಿಟನ್ ಫ್ರಾನ್ಸ್‌ಗಳು ಧನಿಕ ರಾಷ್ಟ್ರಗಳು ಎಂದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ಒಂದು ತಿದ್ದುಪಡಿಯಿಂದ ಮಿಲಾನಿನ ಗಿರಣಿ ಮಾಲೀಕನೂ ಅವನ ಗಿರಣಿಯ ಕೂಲಿಯೂ ಒಂದೇ ಕಡೆಯವರಾಗಿಬಿಟ್ಟರು. ಮುಷ್ಕರ ಮಾಡಬೇಕಾದದ್ದು ಮಾಲೀಕನ ಎದುರಲ್ಲ, ಹೊರದೇಶದ ಎದುರು. ಆ ಮುಷ್ಕರಕ್ಕೆ ಯುದ್ಧ ಎಂದು ಹೆಸರು.

ಎರಡನೆಯ ಕೆಲಸ ಬಂಡವಾಳವನ್ನೇ ಎರಡಾಗಿ ಸೀಳುವುದು. ಇದರಲ್ಲಿ ಕೈ ಪಳಗಿದವನು ಜರ್ಮನಿಯಲ್ಲಿ ನಾಜಿಗಳ ಆರಂಭಿಕ ಅರ್ಥಚಿಂತಕ ಗಾಟ್‌ಫ್ರೀಡ್ ಫೆಡರ್. ಕಾರ್ಖಾನೆ ನಡೆಸುವ ಬಂಡವಾಳ ‘ಸೃಷ್ಟಿಸುವ’ ಬಂಡವಾಳ, ಬ್ಯಾಂಕು ಮತ್ತು ಷೇರುಪೇಟೆಯದ್ದು ‘ದೋಚುವ’ ಬಂಡವಾಳ ಎಂದ. ಉಕ್ಕಿನ ದೊರೆ ಕ್ರುಪ್ ಸೃಷ್ಟಿಸುವವರ ಸಾಲಿಗೆ ಸೇರಿದ. ದೋಚುವವರ ಸಾಲಿಗೆ ಹಚ್ಚಿದ ಹೆಸರು ಯೆಹೂದಿಗಳದ್ದು. ಬಡ್ಡಿಯ ಮೇಲಿನ ಬಡವನ ಸಿಟ್ಟು ನಿಜವಾದದ್ದೇ. ಅದು ಮಾಲೀಕನ ಬಾಗಿಲಿನಿಂದ ತಿರುಗಿ ಪಕ್ಕದ ಬೀದಿಯ ಅಂಗಡಿಯವನ ಕಡೆ ಹೊರಟಿತು. ಈ ಎರಡು ಕೈಚಳಕ ಗೊತ್ತಾದರೆ ಉಳಿದದ್ದನ್ನು ಬಿಡಿಸಿ ನೋಡುವುದು ಕಷ್ಟವಲ್ಲ.

ಪ್ರಣಾಳಿಕೆಗಳನ್ನೇ ತೆಗೆದುಕೊಳ್ಳಿ. ಮುಸೊಲಿನಿ 1914ರವರೆಗೂ ಇಟಲಿಯ ಸಮಾಜವಾದಿ ಪಕ್ಷದ ದಿನಪತ್ರಿಕೆಯ ಸಂಪಾದಕ. 1919ರ ಜೂನ್‌ನಲ್ಲಿ ಅವನ ಹೊಸ ಸಂಘಟನೆ ಹೊರತಂದ ಪ್ರಣಾಳಿಕೆಯಲ್ಲಿ 8 ಗಂಟೆಯ ದುಡಿಮೆ, ಕನಿಷ್ಠ ಕೂಲಿ, ಹೆಂಗಸರಿಗೆ ಮತದಾನದ ಹಕ್ಕು, ಯುದ್ಧದ ಗುತ್ತಿಗೆಗಳಲ್ಲಿ ಗಳಿಸಿದ ಲಾಭದ ಶೇ. 85ರಷ್ಟನ್ನು ಸರ್ಕಾರ ವಶಪಡಿಸಿಕೊಳ್ಳಬೇಕೆಂಬ ಬೇಡಿಕೆ, ಎಲ್ಲವೂ ಇತ್ತು. ಅದೇ ವರ್ಷದ ನವೆಂಬರ್ ಚುನಾವಣೆಯಲ್ಲಿ ಮಿಲಾನಿನಲ್ಲಿ ಅವರಿಗೆ 5,000 ಮತವೂ ಬೀಳಲಿಲ್ಲ. ಕಾರ್ಮಿಕರಿಗೆ ಕಾರ್ಮಿಕರ ಪಕ್ಷ ಬೇಕಿದ್ದರೆ ಅದು ಮೊದಲೇ ಇತ್ತು. ಬೆರಕೆಯ ಪಕ್ಷಕ್ಕೆ ಗಿರಾಕಿ ಸಿಕ್ಕಿದ್ದು ಮುಂದಿನ ವರ್ಷ, ಪೋ ನದಿಯ ಬಯಲಿನಲ್ಲಿ. ಅಲ್ಲಿ ಕೃಷಿ ಕೂಲಿಗಳ ಸಂಘಗಳು ಬಲವಾಗಿದ್ದವು, ಜಮೀನ್ದಾರರು ಕಂಗೆಟ್ಟಿದ್ದರು. ಅವರ ಹಣದಲ್ಲಿ, ಅವರ ಲಾರಿಗಳಲ್ಲಿ ಮುಸೊಲಿನಿಯ ಕಪ್ಪಂಗಿಯ ತಂಡಗಳು ರಾತ್ರಿ ಹಳ್ಳಿಗಳಿಗೆ ನುಗ್ಗಿ ಸಂಘದ ಕಚೇರಿಗಳಿಗೆ ಬೆಂಕಿ ಇಟ್ಟವು, ಕಾರ್ಯದರ್ಶಿಗಳನ್ನು ಹಿಡಿದು ಬಾಯಿಗೆ ಹರಳೆಣ್ಣೆ ಸುರಿದವು. 1926ರ ಹೊತ್ತಿಗೆ ಇಟಲಿಯಲ್ಲಿ ಮುಷ್ಕರವೇ ಕಾನೂನುಬಾಹಿರ. ಶೇ. 85ರ ಆ ಸಾಲು ಎಲ್ಲಿ ಹೋಯಿತೆಂದು ಕೇಳುವವರು ಆಗ ಜೈಲಿನಲ್ಲಿದ್ದರು, ಇಲ್ಲವೇ ದೇಶ ಬಿಟ್ಟಿದ್ದರು.

ಜರ್ಮನಿಯ ಕತೆಯಲ್ಲಿ ಇದು ಇನ್ನೂ ಸ್ಪಷ್ಟ. ಹಿಟ್ಲರನ ಪಕ್ಷ 1920ರ ಫೆಬ್ರವರಿ 24ರಂದು ಮ್ಯೂನಿಕ್‌ನಲ್ಲಿ 25 ಅಂಶಗಳ ಕಾರ್ಯಕ್ರಮ ಓದಿತು. ನಾಲ್ಕನೆಯ ಅಂಶ: ಜರ್ಮನ್ ರಕ್ತದವನೇ ನಾಗರಿಕ, ಯೆಹೂದಿ ನಾಗರಿಕನಲ್ಲ. ಹದಿನೇಳನೆಯ ಅಂಶ: ಸಾರ್ವಜನಿಕ ಉದ್ದೇಶಕ್ಕೆ ಪರಿಹಾರ ಕೊಡದೆ ಭೂಮಿ ವಶಪಡಿಸಿಕೊಳ್ಳುವ ಕಾನೂನು. 1926ರ ಮೇ ತಿಂಗಳಲ್ಲಿ ಪಕ್ಷ ಈ ಕಾರ್ಯಕ್ರಮದ ಒಂದಕ್ಷರವೂ ಬದಲಾಗದು ಎಂದು ಘೋಷಿಸಿತು. ಎರಡು ವರ್ಷ ತುಂಬುವ ಮುನ್ನವೇ, 1928ರ ಏಪ್ರಿಲ್ 13ರಂದು, ಹಿಟ್ಲರ್ ಹದಿನೇಳನೆಯ ಅಂಶಕ್ಕೆ ಒಂದು ‘ವಿವರಣೆ’ ಹೊರಡಿಸಿದ: ನಮ್ಮ ಪಕ್ಷ ಖಾಸಗಿ ಆಸ್ತಿಯನ್ನು ಒಪ್ಪುತ್ತದೆ, ಆದ್ದರಿಂದ ಆ ಮಾತು ಮುಖ್ಯವಾಗಿ ಯೆಹೂದಿಗಳ ಭೂ ವ್ಯಾಪಾರದ ಕಂಪನಿಗಳಿಗೆ ಅನ್ವಯ. ಮೇ ತಿಂಗಳಲ್ಲಿ ಚುನಾವಣೆ ಇತ್ತು, ಹಳ್ಳಿಗಳಲ್ಲಿ ಜಮೀನಿದ್ದವರು ಹೆದರಿದ್ದರು. ನಾಲ್ಕನೆಯ ಅಂಶಕ್ಕೆ ಯಾವ ವಿವರಣೆಯೂ ಬೇಕಾಗಲಿಲ್ಲ. ಅದು 1935ರಲ್ಲಿ, ಯೆಹೂದಿಗಳ ಪೌರತ್ವ ಕಿತ್ತ ನ್ಯೂರೆಂಬರ್ಗ್ ಕಾನೂನಾಗಿ ಜಾರಿಗೆ ಬಂತು.

ಆ ಪಕ್ಷದೊಳಗೂ ‘ಸಮಾಜವಾದಿ’ ಎಂಬ ಪದವನ್ನು ನಂಬಿದವರಿದ್ದರು ಎನ್ನುವುದನ್ನು ಮರೆಯಬಾರದು. 1926ರಲ್ಲಿ ಎಡಪಕ್ಷಗಳು ಹಳೆಯ ರಾಜಮನೆತನಗಳ ಆಸ್ತಿಯನ್ನು ಪರಿಹಾರವಿಲ್ಲದೆ ವಶಪಡಿಸಿಕೊಳ್ಳಲು ಜನಮತಗಣನೆ ಕೇಳಿದಾಗ, ಗ್ರೆಗರ್ ಸ್ಟ್ರಾಸರ್ ನೇತೃತ್ವದ ಉತ್ತರ ಜರ್ಮನಿಯ ನಾಜಿಗಳು ಅದನ್ನು ಬೆಂಬಲಿಸಲು ಹೊರಟರು. ಹಿಟ್ಲರ್ ಫೆಬ್ರವರಿ 14ರಂದು ಬಾಂಬರ್ಗ್‌ನಲ್ಲಿ ಎಲ್ಲರನ್ನೂ ಕರೆಸಿ ಗಂಟೆಗಟ್ಟಲೆ ಮಾತಾಡಿದ. ರಾಜರ ಆಸ್ತಿ ಮುಟ್ಟುವುದಿಲ್ಲ ಎಂದ. ಆಗ ಸ್ಟ್ರಾಸರ್ ಕಡೆಯಲ್ಲಿದ್ದ ಗೊಬೆಲ್ಸ್ ದಿಗ್ಭ್ರಮೆಗೊಂಡು ಅದನ್ನು ದಿನಚರಿಯಲ್ಲಿ ಬರೆದುಕೊಂಡ. ಏಪ್ರಿಲ್ ಹೊತ್ತಿಗೆ ಹಿಟ್ಲರನ ಮಡಿಲಿಗೆ ಬಿದ್ದಿದ್ದ. ಗ್ರೆಗರನ ತಮ್ಮ ಆಟೊ 1930ರ ಜುಲೈನಲ್ಲಿ ‘ಸಮಾಜವಾದಿಗಳು ಪಕ್ಷ ತೊರೆಯುತ್ತಿದ್ದಾರೆ’ ಎಂದು ಸಾರಿ ಹೊರನಡೆದ. ಅವನ ಹಿಂದೆ ಬಂದವರು ಬೆರಳೆಣಿಕೆಯಷ್ಟು. ಪಕ್ಷದೊಳಗೇ ಉಳಿದ ಗ್ರೆಗರನನ್ನು 1934ರ ಜೂನ್ 30ರಂದು ನಾಜಿಗಳೇ ಕೊಂದರು.

ಇಲ್ಲಿಯವರೆಗಿನದು ಬಲ ತನ್ನೊಳಗೆ ಎಡದ ಮಾತನ್ನು ಎರವಲು ತಂದ ಕತೆ. ನನಗೆ ಹೆಚ್ಚು ನೋವು ಕೊಡುವುದು ಇದರ ಇನ್ನೊಂದು ಮುಖ, ಎಡವೇ ಬಲದ ಮಾತನ್ನು ಎರವಲು ತಂದದ್ದು.

‘ರಾಷ್ಟ್ರೀಯ ಬೊಲ್ಶೆವಿಕ್’ ಎಂಬ ಬಿರುದು ಮೊದಲು ಅಂಟಿದವರಲ್ಲಿ ಹ್ಯಾಂಬರ್ಗ್‌ನ ಇಬ್ಬರು ಕಮ್ಯುನಿಸ್ಟರಿದ್ದರು: ಹೈನ್ರಿಶ್ ಲೌಫೆನ್‌ಬರ್ಗ್ ಮತ್ತು ಫ್ರಿಟ್ಸ್ ವೋಲ್ಫ್‌ಹೈಮ್. 1919ರಲ್ಲಿ ಅವರು ಕಾರ್ಮಿಕರೂ ದೇಶಾಭಿಮಾನಿ ಮಧ್ಯಮವರ್ಗವೂ ಸೇರಿ ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ವರ್ಸೇಲ್ಸ್ ಒಪ್ಪಂದ ಹೇರಿದವರ ವಿರುದ್ಧ ಯುದ್ಧ ಮಾಡಬೇಕೆಂದರು. ಲೆನಿನ್ 1920ರಲ್ಲಿ ಇದನ್ನು ಕಟುವಾಗಿ ತಳ್ಳಿಹಾಕಿದ. ವೋಲ್ಫ್‌ಹೈಮ್ ಯೆಹೂದಿ. ಯಾವ ರಾಷ್ಟ್ರದ ಹೆಸರಲ್ಲಿ ಅವನು ವರ್ಗಗಳನ್ನು ಒಂದು ಮಾಡಲು ಹೊರಟಿದ್ದನೋ ಆ ರಾಷ್ಟ್ರದ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ 1942ರಲ್ಲಿ ಸತ್ತ.

ಅವರನ್ನು ಹೊರಹಾಕಿದ ಜರ್ಮನ್ ಕಮ್ಯುನಿಸ್ಟ್ ಪಕ್ಷವೇ 1923ರಲ್ಲಿ ಅದೇ ದಾರಿ ಹಿಡಿಯಿತು. ಜನವರಿಯಲ್ಲಿ ಫ್ರೆಂಚ್ ಸೇನೆ ಜರ್ಮನಿಯ ರೂರ್ ಕೈಗಾರಿಕಾ ಪ್ರದೇಶಕ್ಕೆ ನುಗ್ಗಿತ್ತು. ರೈಲು ಹಳಿಗಳಿಗೆ ಸ್ಫೋಟಕ ಇಟ್ಟ ಆರೋಪದ ಮೇಲೆ ಆಲ್ಬರ್ಟ್ ಲಿಯೊ ಶ್ಲಾಗೆಟರ್ ಎಂಬ ಬಲಪಂಥೀಯ ಮಾಜಿ ಸೈನಿಕನನ್ನು ಮೇ 26ರಂದು ಡ್ಯೂಸೆಲ್‌ಡಾರ್ಫ್ ಬಳಿ ಗುಂಡಿಟ್ಟು ಕೊಂದರು. ಜೂನ್ 20ರಂದು ಮಾಸ್ಕೋದಲ್ಲಿ, ಎಲ್ಲ ದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಾಮಿಂಟರ್ನ್ ಸಭೆಯಲ್ಲಿ ಅದರ ನಾಯಕರಲ್ಲೊಬ್ಬನಾದ ಕಾರ್ಲ್ ರಾಡೆಕ್ ಎದ್ದು ನಿಂತು, ಪ್ರತಿಕ್ರಾಂತಿಯ ಈ ವೀರ ಸೈನಿಕನನ್ನು ಕ್ರಾಂತಿಯ ಸೈನಿಕರಾದ ನಾವು ಗೌರವಿಸಬೇಕು ಎಂಬರ್ಥದ ಭಾಷಣ ಮಾಡಿದ. ಲೆಕ್ಕಾಚಾರ ಸರಳವಾಗಿತ್ತು. ಶ್ಲಾಗೆಟರನಂಥ ಸಾವಿರಾರು ಹುಡುಗರು ತಪ್ಪು ದಾರಿಯಲ್ಲಿದ್ದಾರೆ, ಅವರ ಭಾಷೆಯಲ್ಲಿ ಮಾತಾಡಿದರೆ ನಮ್ಮ ಕಡೆ ಬರುತ್ತಾರೆ. ಜುಲೈನಲ್ಲಿ ಬರ್ಲಿನ್ ಕಮ್ಯುನಿಸ್ಟ್ ನಾಯಕಿ ರುತ್ ಫಿಶರ್ ರಾಷ್ಟ್ರೀಯವಾದಿ ವಿದ್ಯಾರ್ಥಿಗಳ ಮುಂದೆ, ಯೆಹೂದಿ ಬಂಡವಾಳದ ವಿರುದ್ಧ ಇರುವವನು ಗೊತ್ತಿಲ್ಲದೆಯೇ ವರ್ಗ ಹೋರಾಟಗಾರ, ಆದರೆ ಜರ್ಮನ್ ಬಂಡವಾಳಗಾರರನ್ನೂ ಬಿಡಬೇಡಿ ಎಂಬ ಧಾಟಿಯಲ್ಲಿ ಮಾತಾಡಿದಳೆಂದು ಆಗಿನ ಒಂದು ಎಡ ಪತ್ರಿಕೆಯೇ ವರದಿ ಮಾಡಿತು. ಅವಳ ತಂದೆಯೂ ಯೆಹೂದಿ, ರಾಡೆಕನೂ ಯೆಹೂದಿ.

ಅವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಕೇಳುವವನ ಕಿವಿಯಲ್ಲಿ ಆ ವಾಕ್ಯದ ಮೊದಲರ್ಧ ಉಳಿಯುತ್ತದೆ, ಎರಡನೆಯ ಅರ್ಧ ಸಭಾಂಗಣದ ಬಾಗಿಲು ದಾಟುವುದಿಲ್ಲ. ಆ ಬೇಸಿಗೆಯ ಪ್ರಯೋಗದಿಂದ ಕಮ್ಯುನಿಸ್ಟರ ಕಡೆ ಬಂದ ರಾಷ್ಟ್ರೀಯವಾದಿಗಳು ತೀರ ಕಡಿಮೆ. ಶ್ಲಾಗೆಟರ್ ಮಾತ್ರ ಮುಂದೆ ನಾಜಿಗಳ ಅಧಿಕೃತ ಹುತಾತ್ಮನಾದ.

ಇದೇ ತಪ್ಪು 1931ರಲ್ಲಿ ಮರುಕಳಿಸಿತು. ಪ್ರಷ್ಯಾ ರಾಜ್ಯದಲ್ಲಿ, ಚುನಾವಣೆಯ ದಾರಿ ಹಿಡಿದ ಸಮಾಜವಾದಿಗಳಾದ ಸೋಷಿಯಲ್ ಡೆಮಾಕ್ರಟರ ನಾಯಕ ಆಟೊ ಬ್ರೌನ್ ಸರ್ಕಾರವಿತ್ತು. ಅದನ್ನು ಇಳಿಸಲು ಬಲಪಂಥೀಯ ಮಾಜಿ ಸೈನಿಕರ ಸಂಘವೊಂದು ಜನಮತಗಣನೆ ತಂದಿತು, ನಾಜಿಗಳು ಸೇರಿಕೊಂಡರು. ಜರ್ಮನ್ ಕಮ್ಯುನಿಸ್ಟ್ ನಾಯಕತ್ವ ಮೊದಲು ಒಪ್ಪಲಿಲ್ಲ. ಕಾಮಿಂಟರ್ನ್ ಒತ್ತಡ ಬಂದ ಮೇಲೆ ಅದನ್ನೇ ‘ಕೆಂಪು ಜನಮತಗಣನೆ’ ಎಂದು ಕರೆದು ಬೀದಿಗಿಳಿಯಿತು. ಸೋಷಿಯಲ್ ಡೆಮಾಕ್ರಟರೇ ಮುಖ್ಯ ಶತ್ರು, ಅವರು ‘ಸಾಮಾಜಿಕ ಫ್ಯಾಸಿಸ್ಟರು’ ಎಂಬ ಸಿದ್ಧಾಂತ ಆಗ ನಡೆಯುತ್ತಿತ್ತು. ಆಗಸ್ಟ್ 9ರಂದು ಸುಮಾರು 98 ಲಕ್ಷ ಮತ ಬಿದ್ದವು, ಅರ್ಹ ಮತದಾರರ ಶೇ. 37ರಷ್ಟು. ಅರ್ಧಕ್ಕಿಂತ ಹೆಚ್ಚು ಬೇಕಿತ್ತು, ಸರ್ಕಾರ ಉಳಿಯಿತು. ಒಂದು ವರ್ಷ ತುಂಬುವ ಮೊದಲೇ, 1932ರ ಜುಲೈ 20ರಂದು, ಚಾನ್ಸಲರ್ ಪಾಪೆನ್ ಒಂದು ಆದೇಶದಿಂದ ಅದನ್ನು ಕಿತ್ತೆಸೆದ.

ಆಮೇಲೆ ಬರ್ಲಿನ್ ಸಾರಿಗೆ ಮುಷ್ಕರ. ಟ್ರಾಂ, ಬಸ್ಸು, ಸುರಂಗ ರೈಲು ಮೂರನ್ನೂ ನಡೆಸುತ್ತಿದ್ದ ನಗರ ಸಾರಿಗೆ ಕಂಪನಿ 1932ರ ನವೆಂಬರ್ ಆರಂಭದಲ್ಲಿ ಗಂಟೆಗೆ 2 ಫೆನಿಗ್ (ಜರ್ಮನಿಯ ಪೈಸೆ) ಕೂಲಿ ಕಡಿತ ಮಾಡಲು ಹೊರಟಿತು. ಅದಾಗಲೇ ಹಲವು ಬಾರಿ ಕೂಲಿ ಇಳಿದಿದ್ದ ಕಾಲ. ಸುಮಾರು 22,000 ನೌಕರರಲ್ಲಿ 14,000ಕ್ಕೂ ಹೆಚ್ಚು ಜನ ಮುಷ್ಕರಕ್ಕೆ ಮತ ಹಾಕಿದರು. ಮತ ಹಾಕಿದವರ ಲೆಕ್ಕದಲ್ಲಿ ಇದು ಮುಕ್ಕಾಲು ಪಾಲು ದಾಟುತ್ತಿತ್ತು, ಒಟ್ಟು ನೌಕರರ ಲೆಕ್ಕದಲ್ಲಿ ಮೂರನೇ ಎರಡಕ್ಕೆ ನಿಲ್ಲುತ್ತಿತ್ತು. ಒಟ್ಟು ನೌಕರರ ಮುಕ್ಕಾಲು ಪಾಲು ಬೇಕು ಎಂದು ಸಂಘದ ನಾಯಕರು ನಿಯಮ ಹಿಡಿದು ಕೂತರು. ಭಾಗಾಕಾರದ ಈ ಜಗಳದಲ್ಲಿ ದೊಡ್ಡ ಸಂಘ ಹಿಂದೆ ಸರಿದ ಜಾಗಕ್ಕೆ ಇಬ್ಬರು ಬಂದು ನಿಂತರು: ಕಮ್ಯುನಿಸ್ಟರ ಸಂಘ ಮತ್ತು ನಾಜಿಗಳ ಕಾರ್ಖಾನೆ ಘಟಕ.

ನವೆಂಬರ್ 3ರ ಬೆಳಗ್ಗೆ ಬರ್ಲಿನ್ ನಿಂತಿತು. ಡಿಪೋಗಳ ಮುಂದೆ ನಾಜಿಗಳ ಕಂದು ಅಂಗಿಯವರೂ ಕಮ್ಯುನಿಸ್ಟರೂ ಅಕ್ಕಪಕ್ಕ ನಿಂತು ಮುಷ್ಕರ ನಿಧಿಗೆ ಡಬ್ಬಿ ಕುಲುಕಿದರು. ಟ್ರಾಂ ಹಳಿಯ ಸಂದಿಗೆ ಸಿಮೆಂಟ್ ಸುರಿಯಲಾಯಿತು, ಮೇಲಿನ ವಿದ್ಯುತ್ ತಂತಿಗಳನ್ನು ಕೆಡವಲಾಯಿತು. ಪೊಲೀಸರ ಗುಂಡಿಗೆ ಜನ ಸತ್ತರು. ಎರಡೂ ಪಕ್ಷಗಳಿಗೆ ತಾರೀಖು ಗೊತ್ತಿತ್ತು: 6ನೇ ತಾರೀಖು ಸಂಸತ್ತಿನ ಚುನಾವಣೆ. ಬರ್ಲಿನ್ ನಾಜಿ ಮುಖಂಡನಾಗಿದ್ದ ಗೊಬೆಲ್ಸ್‌ಗೆ ಇದರಿಂದ ಮಧ್ಯಮವರ್ಗ ಬೆಚ್ಚಿ ಬೀಳುತ್ತದೆಂದು ಗೊತ್ತಿತ್ತು, ಈಗ ಹಿಂದೆ ಸರಿದರೆ ಕಾರ್ಮಿಕರು ಮುಂದೆಂದೂ ನಂಬುವುದಿಲ್ಲವೆಂದೂ ಗೊತ್ತಿತ್ತು. ಚುನಾವಣೆಯಲ್ಲಿ ನಾಜಿಗಳು ಸುಮಾರು 20 ಲಕ್ಷ ಮತ ಕಳೆದುಕೊಂಡರು, ಸ್ಥಾನ 230ರಿಂದ 196ಕ್ಕೆ ಇಳಿಯಿತು. ಕಮ್ಯುನಿಸ್ಟರು 89ರಿಂದ 100ಕ್ಕೆ ಏರಿದರು. ಮರುದಿನ ಮುಷ್ಕರ ಕುಸಿಯಿತು, ನೂರಾರು ಜನ ಕೆಲಸ ಕಳೆದುಕೊಂಡರು, 2 ಫೆನಿಗ್ ಕಡಿತ ಹಾಗೇ ಉಳಿಯಿತು.

ಈ ಚಿತ್ರವನ್ನು ಮುಂದಿಟ್ಟು ಅನೇಕರು ಕುದುರೆ ಲಾಳದ ಉಪಮೆ ಹೇಳುತ್ತಾರೆ: ಎರಡು ತುದಿಗಳು ಬಾಗಿ ಬಾಗಿ ಕೊನೆಗೆ ಒಂದನ್ನೊಂದು ಮುಟ್ಟುತ್ತವೆ ಅಂತ. ನನಗೆ ಈ ಉಪಮೆ ಒಪ್ಪಿಗೆಯಿಲ್ಲ. ತುದಿಗಳು ತಾವಾಗಿಯೇ ಕೂಡುವುದಾದರೆ, ಅದೇ ವರ್ಷ ಜುಲೈ 17ರಂದು ಹ್ಯಾಂಬರ್ಗ್ ಪಕ್ಕದ ಆಲ್ಟೊನಾದ ಕಾರ್ಮಿಕರ ಕೇರಿಗಳಲ್ಲಿ ನಾಜಿ ಮೆರವಣಿಗೆ ಹೊಕ್ಕಾಗ 18 ಹೆಣ ಬೀಳುತ್ತಿರಲಿಲ್ಲ. ಬರ್ಲಿನ್‌ನಲ್ಲಿ ಜೊತೆಗೆ ಡಬ್ಬಿ ಹಿಡಿದವರನ್ನು ಹತ್ತಿರ ತಂದದ್ದು ಕೂಲಿ ಕಡಿತ, ಕೈಬಿಟ್ಟ ಸಂಘ, ಮೂರು ದಿನದಲ್ಲಿ ಬರಲಿದ್ದ ಚುನಾವಣೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯೇ ಇಲ್ಲಿ ಹೆಚ್ಚು ಸರಿ. ಒಂದೇ ನೊಗ, ಎರಡು ಗುರಿ. ನೊಗ ಯಾವ ಕಡೆ ಸಾಗುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಯಾರ ಹಿಂದೆ ಸೇನೆ, ಹಣ, ಪೊಲೀಸ್ ಇದೆ ಎಂಬುದು. ಮೂರು ತಿಂಗಳೊಳಗೆ ಹಿಟ್ಲರ್ ಚಾನ್ಸಲರ್ ಆದ. 1933ರ ಮೇ 1, ಎಡದವರು ದಶಕಗಳಿಂದ ಕೇಳುತ್ತಿದ್ದ ಕಾರ್ಮಿಕರ ದಿನ, ಸಂಬಳ ಸಹಿತ ರಾಷ್ಟ್ರೀಯ ರಜೆಯಾಯಿತು. ಬರ್ಲಿನ್‌ನಲ್ಲಿ ಲಕ್ಷಾಂತರ ಜನ ಸೇರಿದರು. ಮೇ 2ರ ಬೆಳಗ್ಗೆ ದೇಶದೆಲ್ಲೆಡೆ ಕಾರ್ಮಿಕ ಸಂಘಗಳ ಕಚೇರಿಗಳನ್ನು ಕಂದು ಅಂಗಿಯವರು ವಶಪಡಿಸಿಕೊಂಡರು.

ಈ ಇಡೀ ಸಾಲಿನಲ್ಲಿ ಗೌರವಕ್ಕೆ ಅರ್ಹನಾಗಿ, ಆದರೂ ಒಪ್ಪಿಗೆಗೆ ಅರ್ಹನಾಗದೆ ನಿಲ್ಲುವವನು ಎರ್ನ್ಸ್ಟ್ ನೀಕಿಶ್. ಶಾಲಾ ಮೇಷ್ಟ್ರು, 1919ರ ಮ್ಯೂನಿಕ್ ಕ್ರಾಂತಿಯಲ್ಲಿ ಕೌನ್ಸಿಲ್‌ಗಳ ನಾಯಕ, ಅದಕ್ಕಾಗಿ ಎರಡು ವರ್ಷ ಸೆರೆ. 1926ರಿಂದ ‘ಪ್ರತಿರೋಧ’ ಎಂಬರ್ಥದ ಪತ್ರಿಕೆ ನಡೆಸಿದ. ಹದ್ದು, ಕತ್ತಿ, ಸುತ್ತಿಗೆ, ಕುಡುಗೋಲು ಅವನ ಗುಂಪಿನ ಗುರುತು. ಪ್ರಷ್ಯಾದ ಶಿಸ್ತು ಮತ್ತು ರಷ್ಯಾದ ಕ್ರಾಂತಿ ಸೇರಿ ಪಶ್ಚಿಮವನ್ನು ಸೋಲಿಸಬೇಕೆಂಬುದು ಅವನ ಕನಸು. 1932ರಲ್ಲಿ, ಹಿಟ್ಲರ್ ಗೆಲುವಿನ ಹೊಸ್ತಿಲಲ್ಲಿದ್ದಾಗ, ಅವನ ವಿರುದ್ಧ ನೀಕಿಶ್ ಒಂದು ಕಿರುಹೊತ್ತಿಗೆ ಬರೆದ. ಅದಕ್ಕೆ ಎ. ಪಾಲ್ ವೆಬರ್ ಬರೆದ ಒಂದು ಚಿತ್ರದಲ್ಲಿ ಬಾವುಟ ಹಿಡಿದ ಜನಸಾಗರ ಗುಡ್ಡ ಹತ್ತಿ, ಆಚೆ ಬದಿಯಲ್ಲಿ ಸ್ವಸ್ತಿಕ ಹೊತ್ತ ಒಂದು ದೊಡ್ಡ ಶವಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಹಿಂದಿನ ಸಾಲಿನವರಿಗೆ ಪೆಟ್ಟಿಗೆ ಕಾಣುವುದಿಲ್ಲ.

ಹೊತ್ತಿಗೆಯ ವಾದ ಓದಿದರೆ ಮನಸ್ಸು ಕಲಕುತ್ತದೆ. ಹಿಟ್ಲರ್ ತೀರ ಕ್ಯಾಥೊಲಿಕ್, ತೀರ ಪಾಶ್ಚಾತ್ಯ, ಪೂರ್ವದ ಮೇಲೆ ದಂಡೆತ್ತಿ ಹೋಗಿ ಜರ್ಮನಿಯನ್ನು ಹಾಳುಮಾಡುತ್ತಾನೆ ಎಂಬುದು ಅದರ ತಿರುಳು. ಭವಿಷ್ಯ ನಿಜವಾಯಿತು. ಆದರೆ ಆ ವಾದದ ಒಳಗೆ ಯೆಹೂದಿಗಳ ಹಕ್ಕಿಗಾಗಲಿ, ಸಂಸತ್ತಿಗಾಗಲಿ, ಮುಷ್ಕರ ಹೂಡುವವನಿಗಾಗಲಿ ಜಾಗವಿಲ್ಲ. 1937ರಲ್ಲಿ ಬಂಧನ, 1939ರಲ್ಲಿ ಜೀವಾವಧಿ ಶಿಕ್ಷೆ. 1945ರ ಏಪ್ರಿಲ್‌ನಲ್ಲಿ ಸೋವಿಯತ್ ಸೇನೆ ಬ್ರಾಂಡೆನ್‌ಬರ್ಗ್ ಜೈಲಿನಿಂದ ಬಿಡಿಸಿದಾಗ ಅವನಿಗೆ ಕಣ್ಣು ಬಹುತೇಕ ಹೋಗಿತ್ತು. ಪೂರ್ವ ಜರ್ಮನಿಯಲ್ಲಿ ಪ್ರಾಧ್ಯಾಪಕನಾದ. 1953ರ ಜೂನ್ 17ರಂದು ಅಲ್ಲಿನ ಸರ್ಕಾರ ಕಾರ್ಮಿಕರ ದಂಗೆಯನ್ನು ಟ್ಯಾಂಕುಗಳ ನೆರವಿನಿಂದ ಅಡಗಿಸಿದ ಮೇಲೆ ಆ ನಂಟೂ ಕಡಿಯಿತು. 1967ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ತೀರಿಕೊಂಡ.

ಇಲ್ಲಿ ನಮ್ಮವರು ಸುಭಾಷರನ್ನು ನೆನೆಯುತ್ತಾರೆ, ನೆನೆಯಲೇಬೇಕು. 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಅವರು ಕಮ್ಯುನಿಸಂ ಮತ್ತು ಫ್ಯಾಸಿಸಂಗಳ ಸಮನ್ವಯವನ್ನು ಮುಂದಿನ ಹಂತವೆಂದು ಕಂಡು ಅದಕ್ಕೆ ‘ಸಾಮ್ಯವಾದ’ ಎಂಬ ಹೆಸರಿಟ್ಟರು. ಕನ್ನಡದಲ್ಲಿ ಅದೇ ಪದ ನೇರವಾಗಿ ಕಮ್ಯುನಿಸಂಗೇ ಸಲ್ಲುತ್ತದೆ, ಹಾಗಾಗಿ ಓದುವಾಗ ಎಡವುವುದು ಸುಲಭ. 1938ರ ಜನವರಿಯಲ್ಲಿ ಬ್ರಿಟನ್ನಿನ ಕಮ್ಯುನಿಸ್ಟ್ ನಾಯಕ ರಜನಿ ಪಾಮೆ ದತ್ತರೊಡನೆ ಮಾತಾಡುವಾಗ, ತಾನು ಬರೆದಾಗ ಫ್ಯಾಸಿಸಂ ಇನ್ನೂ ಸಾಮ್ರಾಜ್ಯ ವಿಸ್ತರಣೆಗೆ ಹೊರಟಿರಲಿಲ್ಲ, ಅದು ಆಕ್ರಮಣಶೀಲ ರಾಷ್ಟ್ರೀಯತೆಯಾಗಿ ಮಾತ್ರ ಕಂಡಿತ್ತು ಎಂದು ವಿವರಿಸಿದರು. ಅವರು ಕಟ್ಟಿದ ಫಾರ್ವರ್ಡ್ ಬ್ಲಾಕ್ ದಶಕಗಳ ಕಾಲ ಹುಲಿಯ ಜೊತೆ ಸುತ್ತಿಗೆ ಕುಡುಗೋಲನ್ನೂ ಬಾವುಟದಲ್ಲಿಟ್ಟು ಬಂಗಾಳದ ಎಡರಂಗದಲ್ಲೇ ಉಳಿಯಿತು. ಪರರ ಆಳ್ವಿಕೆಯಲ್ಲಿರುವ ನಾಡಿನಲ್ಲಿ ಕೂಲಿಯನ್ನು ಹಿಂಡುವವನೂ ದೇಶ ಆಳುವವನೂ ಒಬ್ಬನೇ ಆಗಿರಬಹುದು, ಅಲ್ಲಿ ರಾಷ್ಟ್ರ ಮತ್ತು ವರ್ಗ ಒಂದೇ ಕಡೆ ನೋಡುವುದರಲ್ಲಿ ವಂಚನೆಯಿಲ್ಲ. ಹಾಗೆಂದು ಫ್ಯಾಸಿಸಂ ಬಗ್ಗೆ ಆ ಪುಟಗಳಲ್ಲಿರುವ ಅಂದಾಜು ಸರಿಯೆಂದು ವಾದಿಸಬೇಕಾಗಿಲ್ಲ.

ಈಗ ಆ ಬಾವುಟಕ್ಕೆ ಮರಳೋಣ. ಲಿಮೊನೊವ್ ಪಕ್ಷ ಬೆಳೆದದ್ದು ಸಿದ್ಧಾಂತದಿಂದಲ್ಲ. ಮಾಸ್ಕೋದ ಫ್ರುನ್ಜೆನ್‌ಸ್ಕಾಯಾ ಬಡಾವಣೆಯ ಒಂದು ನೆಲಮಾಳಿಗೆ ಅದರ ಕಚೇರಿ, ಹೆಸರು ‘ಬಂಕರ್’. 1994ರಲ್ಲಿ ಶುರುವಾದ ಪತ್ರಿಕೆ ‘ಲಿಮೊಂಕಾ’; ಕೈಬಾಂಬಿಗೆ ರಷ್ಯನ್ನರ ಆಡುಮಾತು, ನಾಯಕನ ಹೆಸರಿಗೂ ಹೊಂದುತ್ತದೆ. ಸೈಬೀರಿಯಾದ ಪಂಕ್ ಗಾಯಕ ಯೆಗೊರ್ ಲೆತೊವ್ ಸದಸ್ಯನಾದ್ದರಿಂದ ಸಣ್ಣ ಊರುಗಳ ಹುಡುಗರು ಹಾಡಿನ ದಾರಿಯಲ್ಲಿ ಪಕ್ಷಕ್ಕೆ ಬಂದರು. ಕಾರ್ಖಾನೆ ಮುಚ್ಚಿದ ಊರಿನ ಇಪ್ಪತ್ತರ ಹುಡುಗನಿಗೆ ಒಂದು ಪತ್ರಿಕೆ, ಒಂದು ಗುಂಪು, ಒಂದು ಸಿಟ್ಟು ಒಟ್ಟಿಗೆ ಸಿಕ್ಕಿತು. ದುಗಿನ್ 1998ರಲ್ಲಿ ಹೊರಹೋಗಿ ನಿಧಾನವಾಗಿ ಅಧಿಕಾರದ ಹತ್ತಿರ ಸರಿದ.

ಉಳಿದವರು ಮಾಡಿದ ಕೆಲಸವನ್ನು ಮುಚ್ಚಿಡಬಾರದು. 2004ರಲ್ಲಿ ಪಿಂಚಣಿದಾರರ ಉಚಿತ ಬಸ್ಸು, ಉಚಿತ ಔಷಧಿ ತೆಗೆದು ಅಲ್ಪಸ್ವಲ್ಪ ನಗದು ಕೊಡುವ ಕಾನೂನು ಬಂದಾಗ, ಆಗಸ್ಟ್ 2ರಂದು ಇವರು ಆರೋಗ್ಯ ಸಚಿವಾಲಯದ ಕಚೇರಿ ಹೊಕ್ಕು ಪುಟಿನ್ ಭಾವಚಿತ್ರವನ್ನು ಕಿಟಕಿಯಿಂದ ಎಸೆದರು. ಡಿಸೆಂಬರ್ 14ರಂದು ಅಧ್ಯಕ್ಷರ ಆಡಳಿತದ ಸ್ವಾಗತ ಕೊಠಡಿಯನ್ನೇ ಹಿಡಿದರು. 39 ಜನರ ವಿಚಾರಣೆ ನಡೆಯಿತು, ಹಲವರು ಜೈಲು ಕಂಡರು. ಪತ್ರಕರ್ತೆ ಅನ್ನಾ ಪೊಲಿತ್ಕೊವ್‌ಸ್ಕಾಯಾ ಈ ಹುಡುಗರ ಬಗ್ಗೆ ಸಹಾನುಭೂತಿಯಿಂದ ಬರೆದರು. 2007ರಲ್ಲಿ ಪಕ್ಷಕ್ಕೆ ನಿಷೇಧ ಬಿತ್ತು. ಲಿಮೊನೊವ್ ಚೆಸ್ ದಿಗ್ಗಜ ಕಾಸ್ಪರೊವ್ ಜೊತೆ, ಮಾನವ ಹಕ್ಕುಗಳ ಹಿರಿಯ ಹೋರಾಟಗಾರ್ತಿ ಲ್ಯುದ್ಮಿಲಾ ಅಲೆಕ್ಸೆಯೆವಾ ಜೊತೆ ಬೀದಿಯಲ್ಲಿ ನಿಂತ. ಕಪ್ಪು ಕುಡುಗೋಲಿನ ಹುಡುಗರು ಪ್ರಜಾಪ್ರಭುತ್ವವಾದಿಗಳಾದರು ಎಂದು ಹಲವರು ಮನಸಾರೆ ನಂಬಿದರು.

ನಂಬಿದವರು ಹಳೆಯ ಕಡತ ತೆರೆದು ನೋಡಿರಲಿಲ್ಲ. 1992ರಲ್ಲಿ ಸರ್ಬ್ ಪಡೆಗಳು ಬೋಸ್ನಿಯಾದ ರಾಜಧಾನಿ ಸರಯೆವೊಗೆ ಹಾಕಿದ ಮುತ್ತಿಗೆಯ ಹೊತ್ತಿಗೆ ಲಿಮೊನೊವ್ ಸರ್ಬ್ ನಾಯಕ ಕರಾಜಿಚ್ ಜೊತೆ ಗುಡ್ಡದ ಮೇಲೆ ನಿಂತು ನಗರದ ಕಡೆ ಮೆಷಿನ್ ಗನ್ ಹಾರಿಸಿದ್ದು ಕ್ಯಾಮೆರಾದಲ್ಲಿ ದಾಖಲಾಗಿತ್ತು. 1999ರ ಆಗಸ್ಟ್ 24, ಉಕ್ರೇನಿನ ಸ್ವಾತಂತ್ರ್ಯ ದಿನದಂದು, ಅವನ ಹುಡುಗರು ಕ್ರಿಮಿಯಾದ ಸೆವಾಸ್ತೊಪೋಲ್‌ನ ನಾವಿಕರ ಕ್ಲಬ್ಬಿನ ಗೋಪುರ ಹತ್ತಿ ಇದು ರಷ್ಯನ್ ನಗರ ಎಂಬ ಘೋಷಣೆ ಹಾಕಿದ್ದರು. ಪಿಂಚಣಿ ಕಾನೂನಿಗೆ ಐದು ವರ್ಷ ಮೊದಲಿನ ಮಾತು ಅದು. 2014ರಲ್ಲಿ ಪುಟಿನ್ ಕ್ರಿಮಿಯಾ ಹಿಡಿದಾಗ ಲಿಮೊನೊವ್ ಅದನ್ನು ಮನಃಪೂರ್ವಕ ಸ್ವಾಗತಿಸಿದ. ಯಾರ ಭಾವಚಿತ್ರವನ್ನು ಕಿಟಕಿಯಿಂದ ಎಸೆದಿದ್ದರೋ ಅವನ ಯುದ್ಧಕ್ಕೆ ಅದೇ ಬಳಗದವರು ಪೂರ್ವ ಉಕ್ರೇನಿನ ದೊನ್‌ಬಾಸ್‌ಗೆ ಸ್ವಯಂಸೇವಕರನ್ನು ಕಳಿಸಿದರು. ಆ ಪಡೆಗೆ ಇಟ್ಟ ಹೆಸರು ‘ಇಂಟರ್‌ಬ್ರಿಗೇಡ್’. 1936ರಲ್ಲಿ ಫ್ರಾಂಕೊನ ಫ್ಯಾಸಿಸ್ಟರ ಎದುರು ಸ್ಪೇನ್ ಗಣರಾಜ್ಯವನ್ನು ಕಾಯಲು ಐವತ್ತಕ್ಕೂ ಹೆಚ್ಚು ದೇಶಗಳಿಂದ ಬಂದ ಕಾರ್ಮಿಕರು, ವಿದ್ಯಾರ್ಥಿಗಳು, ಕವಿಗಳು ಹೊತ್ತಿದ್ದ ಹೆಸರು ಅದು.